ಹಿಮದ ಹಾದಿಗೆ ಮುನ್ನ ಬಯಲ ದಾರಿ

ದೊಡ್ಡ ಪರ್ವತ ಏರಲು ಹೊರಟವರ ಚರಿತ್ರೆಯಲ್ಲಿ ಉಳಿಯುವುದು ಶಿಖರದ ಹೆಸರು, ಅದರ ಎತ್ತರ ಮತ್ತು ಏರಿದವರ ಹೆಸರು. ಶಿಖರದ ಬುಡ ಮುಟ್ಟುವ ಮುನ್ನ ಅವರು ತಿರುಗಿದ ಊರುಗಳು, ನೋಡಿದ ಗುಡಿಗಳು, ಅವರ ಗಂಟುಮೂಟೆ ಹೊತ್ತ ಜನ, ಇವೆಲ್ಲ ಅಡಿಟಿಪ್ಪಣಿಗೆ ಸೇರುತ್ತವೆ, ಇಲ್ಲವೇ ಮರೆತುಹೋಗುತ್ತವೆ. ಆದರೆ ಒಬ್ಬ ಪ್ರವಾಸಿಯ ಕಣ್ಣು ಎಂಥದ್ದು ಎಂಬುದನ್ನು ತಿಳಿಯಬೇಕಾದರೆ ಶಿಖರಕ್ಕಿಂತ ಆ ಮುಂಚಿನ ದಿನಗಳನ್ನೇ ನೋಡಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ವರ್ಕ್‌ಮನ್ ದಂಪತಿ. ಗಂಡ ವಿಲಿಯಂ ಹಂಟರ್ ವರ್ಕ್‌ಮನ್ ವೃತ್ತಿಯಿಂದ ವೈದ್ಯ. ಹೆಂಡತಿ ಫ್ಯಾನಿ ಬುಲಕ್ ವರ್ಕ್‌ಮನ್ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದವರ ಮಗಳು. 1882ರಲ್ಲಿ ಮದುವೆಯಾದ ಇವರು ಮುಂದೆ ಯುರೋಪಿಗೆ ಹೋಗಿ ನೆಲೆಸಿದರು. ಆಲ್ಪ್ಸ್ ಪರ್ವತಗಳಲ್ಲಿ ಮಾಂಟ್ ಬ್ಲಾಂಕ್, ಯುಂಗ್‌ಫ್ರೌ, ಮ್ಯಾಟರ್‌ಹಾರ್ನ್ ಶಿಖರಗಳನ್ನು ಹತ್ತಿ ಫ್ಯಾನಿ ಪಳಗಿದರು. ಹೆಂಗಸರು ಉದ್ದನೆಯ ಲಂಗ ತೊಟ್ಟು ಮನೆಯಲ್ಲಿರಬೇಕೆಂಬ ಕಾಲ ಅದು. ಫ್ಯಾನಿ ಅದೇ ಲಂಗ ತೊಟ್ಟು ಸೈಕಲ್ ಏರಿದರು, ಹಿಮವನ್ನೂ ತುಳಿದರು.

ಚಳಿಗಾಲ ಬಯಲಲ್ಲಿ, ಬೇಸಿಗೆ ಬೆಟ್ಟದಲ್ಲಿ

1897ರಲ್ಲಿ ದಂಪತಿ ಏಷ್ಯಾ ಪ್ರವಾಸಕ್ಕೆ ಹೊರಟಾಗ ವಿಲಿಯಂಗೆ 50 ವರ್ಷ, ಫ್ಯಾನಿಗೆ 38. ಭಾರತದ ದಕ್ಷಿಣದ ತುದಿಯಿಂದ ಉತ್ತರದ ಹಿಮಾಲಯದ ಕಡೆಗೆ ಸೈಕಲ್ ಮೇಲೆ ಸಾಗುವುದು ಅವರ ಯೋಜನೆ. ಚಳಿಗಾಲದಲ್ಲಿ ಬಯಲು ಸೀಮೆಯ ಊರು, ಕೋಟೆ, ದೇವಾಲಯಗಳನ್ನು ನೋಡುವುದು. ಬಿಸಿಲು ಏರಿದಾಗ ಪರ್ವತದ ಕಡೆ ಸರಿಯುವುದು. ಹೀಗೆ ಬಯಲ ತಿರುಗಾಟವೇ ಪರ್ವತಾರೋಹಣಕ್ಕೆ ಪೀಠಿಕೆಯಾಯಿತು. 1898ರ ಬೇಸಿಗೆಯಲ್ಲಿ ಅವರು ಕಾಶ್ಮೀರದಿಂದ ಲಡಾಖ್ ಕಡೆ ನಡೆದರು. 1899ರಲ್ಲಿ ಕಾರಕೋರಂ ಶ್ರೇಣಿಯ ಬಿಯಾಫೊ ಹಿಮನದಿಗೆ ಹೋದರು.

ಸೈಕಲ್ ಮೇಲೆ ಹೆಚ್ಚು ಸಾಮಾನು ಒಯ್ಯುವಂತಿಲ್ಲ. ಚಹಾಪುಡಿ, ಸಕ್ಕರೆ, ಬಿಸ್ಕತ್ತು, ಡಬ್ಬಿಯ ಆಹಾರ, ಕುಡಿಯುವ ನೀರು, ತಲೆಗೊಂದು ದಿಂಬು, ಹೊದೆಯಲು ಕಂಬಳಿ, ಬರೆಯುವ ಸಾಮಗ್ರಿ, ಔಷಧಿ ಮತ್ತು ಸೈಕಲ್ ದುರಸ್ತಿಯ ಹತಾರಗಳು, ಇಷ್ಟೇ ಅವರ ಸಂಸಾರ. ಮುಳ್ಳಿನ ದಾರಿಯಲ್ಲಿ ಒಂದೇ ದಿನ 40 ಪಂಕ್ಚರ್ ಹಾಕಬೇಕಾಗಿ ಬಂದದ್ದೂ ಉಂಟು. ಬಂಗಲೆ ಸಿಗದಿದ್ದರೆ ರೈಲು ನಿಲ್ದಾಣದ ಕೋಣೆಯಲ್ಲಿ ರಾತ್ರಿ ಕಳೆಯಬೇಕಿತ್ತು.

ಅವರ ಬಯಲು ಪ್ರವಾಸದ ಪುಸ್ತಕ 1904ರಲ್ಲಿ ಪ್ರಕಟವಾಯಿತು. ಅದರ ಉಪಶೀರ್ಷಿಕೆಯಲ್ಲೇ 14,000 ಮೈಲಿಗಳ ಸೈಕಲ್ ಪ್ರಯಾಣ ಮತ್ತು ಭಾರತದ ಬಯಲು ಸೀಮೆಯ ದೇವಾಲಯಗಳು, ಜನರು ಎಂಬ ಮಾತಿದೆ. ದೇವಾಲಯಗಳಿಗೆ ಮೊದಲ ಸ್ಥಾನ ಸಿಕ್ಕಿರುವುದು ಗಮನಾರ್ಹ. ಹಿಮಾಲಯ ಹತ್ತಲು ಬಂದವರು ಸಮಯ ಕಳೆಯಲೆಂದು ನೋಡಿದ ಕಟ್ಟಡಗಳೇ ಒಂದು ದೊಡ್ಡ ಗ್ರಂಥವಾದವು.

ನೋಡುವವರಿಗೆ ಮುಂಚೆ ನಕಲು ಮಾಡಿದವರು

ಅಂಥ ಪ್ರವಾಸಿ ಭಾರತಕ್ಕೆ ಬರುವ ಹೊತ್ತಿಗೆ ಇಲ್ಲಿನ ಪುರಾತನ ಕಟ್ಟಡಗಳ ಬಗ್ಗೆ ಬರಹಗಳು ಸಿದ್ಧವಾಗಿದ್ದವು. ಕನ್ನಡ ನಾಡಿನ ಉತ್ತರ ಭಾಗದ ಮಟ್ಟಿಗಂತೂ ಕೆಲಸ ಬೇಗನೆ ಆರಂಭವಾಗಿತ್ತು. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಛಾಯಾಚಿತ್ರಗಳ ದೊಡ್ಡ ಸಂಪುಟ ಲಂಡನ್ನಿನಲ್ಲಿ 1866ರಲ್ಲೇ ಹೊರಬಂತು. ಚಿತ್ರ ತೆಗೆದವರು ಡಾ. ಪಿಗೂ, ನೀಲ್ ಮತ್ತು ಕರ್ನಲ್ ಬಿಗ್ಸ್. ಚರಿತ್ರೆಯ ಭಾಗ ಬರೆದವರು ಮೆಡೋಸ್ ಟೇಲರ್. 1884ರಲ್ಲಿ ಮುಂಬಯಿ ಗೆಜೆಟಿಯರ್‌ನ ಧಾರವಾಡ ಸಂಪುಟ ಬಂತು. ಶಾಸನಗಳನ್ನು ಓದಿ ರಾಜವಂಶಗಳ ಲೆಕ್ಕ ಹಾಕುವ ಕೆಲಸವನ್ನು ಜೆ.ಎಫ್. ಫ್ಲೀಟ್ ಮಾಡುತ್ತಿದ್ದರು. ಹೆನ್ರಿ ಕಸೆನ್ಸ್ ಅವರ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ 1926ರಲ್ಲಿ ಪ್ರಕಟವಾಯಿತು.

ಈ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುವ ನೆಲ ಇಂದಿನ ಹಾವೇರಿ ಜಿಲ್ಲೆ. 1997ರವರೆಗೆ ಇದು ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಇದರ ಪಶ್ಚಿಮದ ಅಂಚು ಬಯಲು ಮುಗಿದು ಸಹ್ಯಾದ್ರಿಯ ಕಾಡು ಶುರುವಾಗುವ ಸೀಮೆ. ಹಾನಗಲ್ಲಿನಿಂದ ಮುಂದೆ ಶಿರಸಿ, ಬಂಕಾಪುರದಿಂದ ಮುಂದೆ ಮುಂಡಗೋಡ. ಯಾಣದ ಬಂಡೆಗೋ ಘಟ್ಟದ ಜಲಪಾತಕ್ಕೋ ಹೊರಟವರು ಬಸ್ಸಿನ ಕಿಟಕಿಯಿಂದ ಈ ಊರುಗಳನ್ನು ನೋಡಿ ಮುಂದೆ ಹೋಗುತ್ತಾರೆ. ವರ್ಕ್‌ಮನ್ ದಂಪತಿ ಬಯಲು ಸೀಮೆಗೆ ಕೊಟ್ಟಷ್ಟು ಸಮಯವನ್ನು ಇಲ್ಲಿ ಕೊಟ್ಟವರಿಗೆ ಏನು ಕಾಣುತ್ತದೆ?

ಬಂಕಾಪುರ, ಬಾಡ, ಶಿಶುವಿನಹಾಳ

ಹುಬ್ಬಳ್ಳಿಯ ಕಡೆಯಿಂದ ಬಂದರೆ ಮೊದಲು ಶಿಗ್ಗಾಂವಿ. ಈ ತಾಲ್ಲೂಕಿನ ಬಂಕಾಪುರಕ್ಕೆ ಹೆಸರು ಬಂದದ್ದು ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೆಯನಿಂದ. ಬಂಕೆಯನ ಮಗ ಲೋಕಾದಿತ್ಯನ ಆಳ್ವಿಕೆಯಲ್ಲಿ, ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದದ್ದು ಇಲ್ಲಿ. ಗಂಗರ ದೊರೆ ಮಾರಸಿಂಹ ರಾಜ್ಯ ತೊರೆದು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದೂ ಇಲ್ಲಿಯೇ. ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಇಂದು ಆ ಕೋಟೆ ನವಿಲುಗಳ ಧಾಮ.

ಇದೇ ತಾಲ್ಲೂಕಿನ ಬಾಡ ಕನಕದಾಸರ ಊರು. ಶಿಶುವಿನಹಾಳ ಸಂತ ಶಿಶುನಾಳ ಶರೀಫರ ಊರು. ಒಂದೇ ತಾಲ್ಲೂಕಿನಲ್ಲಿ ಜೈನ ಪುರಾಣ, ಶಿವಾಲಯ, ದಾಸರ ಪದ, ಶರೀಫರ ತತ್ವಪದ ಜೊತೆಜೊತೆಗೆ ಸಿಗುತ್ತವೆ.

ಸವಣೂರಿನ ದೊಡ್ಡಹುಣಸೆ

ಪಕ್ಕದ ಸವಣೂರು ನವಾಬರ ರಾಜಧಾನಿಯಾಗಿತ್ತು. ಸುತ್ತಲಿನ ದೊಡ್ಡ ಶಕ್ತಿಗಳ ನಡುವೆ ಸಿಕ್ಕ ಸಣ್ಣ ಸಂಸ್ಥಾನ ಇದು. 1756ರಲ್ಲಿ ಪೇಶ್ವೆ ಮತ್ತು ನಿಜಾಮರ ಸೈನ್ಯಗಳು ಕೂಡಿ ಮುತ್ತಿಗೆ ಹಾಕಿದವು. ಮುಂದೆ ಟಿಪ್ಪುವಿನ ಸೈನ್ಯವೂ ಬಂತು. ಆದರೂ ಸಂಸ್ಥಾನ ಉಳಿದುಕೊಂಡು 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ಕವಿ ವಿ.ಕೃ. ಗೋಕಾಕರು ಹುಟ್ಟಿದ್ದು 1909ರಲ್ಲಿ ಇದೇ ಊರಿನಲ್ಲಿ.

ಸವಣೂರಿಗೆ ಬಂದವರು ನೋಡದೆ ಹೋಗಬಾರದ ಜಾಗ ದೊಡ್ಡಹುಣಸೆ ಕಲ್ಮಠ. ಅಲ್ಲಿನ ಮೂರು ಮರಗಳಿಗೆ ದೊಡ್ಡಹುಣಸೆ ಎಂದು ಹೆಸರಾದರೂ ಅವು ಹುಣಸೆಯಲ್ಲ, ಆಫ್ರಿಕಾದ ಬಾವೋಬಾಬ್. ಹತ್ತಾರು ಜನ ಕೈಕೈ ಹಿಡಿದು ನಿಂತರಷ್ಟೇ ಸುತ್ತಬಹುದಾದ ಬೊಡ್ಡೆಗಳು. 2023ರ ಮಳೆಗಾಲದಲ್ಲಿ ಒಂದು ಮರ ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಡಲಾಯಿತು. ಸಮುದ್ರ ದಾಟಿ ಬಂದ ಬೀಜ ಈ ಊರಿನ ದೇವರ ಮರವಾಗಿದೆ. ಆದರೆ ಅಷ್ಟು ದೂರದಿಂದ ಅದನ್ನು ಹೊತ್ತು ತಂದವನ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ.

ಹಾನಗಲ್ಲಿನ ವೀರಗಲ್ಲು

ಹಾನಗಲ್ಲಿಗೆ ಶಾಸನಗಳಲ್ಲಿ ಪಾನುಂಗಲ್ಲು ಎಂದು ಹೆಸರು. ಪಾನುಂಗಲ್ಲು ಐನೂರು ಎಂಬ ನಾಡಿಗೆ ಇದು ರಾಜಧಾನಿ. ಆಳಿದವರು ಕದಂಬ ವಂಶದ ಒಂದು ಶಾಖೆಯವರು. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂದು ಊರಿನವರ ನಂಬಿಕೆ. ಇಲ್ಲಿನ ತಾರಕೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ ಶ್ರೇಷ್ಠ ಕಟ್ಟಡಗಳಲ್ಲಿ ಒಂದು. ಮಂಟಪದೊಳಗೆ ನಿಂತು ತಲೆ ಎತ್ತಿದರೆ ಎಂಟು ಮೂಲೆಯ ಗುಮ್ಮಟದಂಥ ಛಾವಣಿ, ನಡುವೆ ಕೆಳಮುಖವಾಗಿ ಇಳಿದ ಕಲ್ಲಿನ ಕಮಲ. ಕಲ್ಲುಗಳನ್ನು ಸಾಲುಸಾಲಾಗಿ ಒಳಕ್ಕೆ ಚಾಚಿ, ಒಂದರ ಭಾರವನ್ನು ಇನ್ನೊಂದು ಹೊರುವಂತೆ ಕಟ್ಟಿದ ಚಮತ್ಕಾರ ಅದು.

ಹಾನಗಲ್ಲಿನಲ್ಲಿ ಛಾವಣಿಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ವೀರಗಲ್ಲು. ಇದರ ರಚನೆ ಸರಳ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಅವನು ಸೇರಿದ ದೇವಲೋಕ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹ. ಇಲ್ಲಿನ ಒಂದು ವೀರಗಲ್ಲು 1196ರ ಯುದ್ಧವನ್ನು ದಾಖಲಿಸುತ್ತದೆ. ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡು ಬಿಟ್ಟು ಪಟ್ಟಣಕ್ಕೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ, ಅವನ ಮಗ ಪದ್ಮಯ್ಯ ಎದುರು ನಿಂತು ಕಾದಿದರು. ಹೊಯ್ಸಳ ಸೈನ್ಯ ಹಿಂದೆ ಸರಿಯಿತು, ಸೋಹಣಿ ಮಡಿದ.

ಸೋಹಣಿಯೇನೋ ದಂಡನಾಯಕ. ಆದರೆ ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಹೆಚ್ಚಿನವು ಅಂಥವರವಲ್ಲ. ಊರಿನ ದನಗಳನ್ನು ಕಳ್ಳರು ಅಟ್ಟಿಕೊಂಡು ಹೋದಾಗ ಬೆನ್ನಟ್ಟಿ ಸತ್ತವನಿಗೆ ಕಲ್ಲು ನಿಂತಿದೆ. ಊರು ಹಾಳಾಗುವುದನ್ನು ತಡೆಯಲು ಹೋಗಿ ಬಿದ್ದವನಿಗೆ ನಿಂತಿದೆ. ಇಂಥವನ ಮಗ ಇಂಥವನು ಎಂದು ಕೊರೆಸಿದ್ದರಿಂದ ಅರಮನೆಯ ಮುಖ ನೋಡದವನ ಹೆಸರೂ ಎಂಟುನೂರು, ಸಾವಿರ ವರ್ಷ ದಾಟಿ ನಮ್ಮವರೆಗೆ ಬಂದಿದೆ.

ಹಿರೇಕೆರೂರು ಸೀಮೆಯ ಶಾಸನ

ಹಿರೇಕೆರೂರು ಹೆಸರಿನಲ್ಲೇ ಕೆರೆ ಇದೆ. ಈ ಸೀಮೆಯ ಅಬಲೂರು, ಮಾಸೂರುಗಳ ಹೆಸರು ಸರ್ವಜ್ಞನ ಜೊತೆ ಸೇರಿಕೊಂಡಿದೆ. ಅಬಲೂರಿನ ದೇವಾಲಯದ ಶಾಸನ ಏಕಾಂತದ ರಾಮಯ್ಯನ ಕತೆ ಹೇಳುತ್ತದೆ. ವಾದದಲ್ಲಿ ಪಣ ತೊಟ್ಟು ಶಿರವನ್ನೇ ಅರ್ಪಿಸಿ ಮರಳಿ ಪಡೆದನೆಂಬ ಆ ಶಿವಭಕ್ತನಿಗೆ ಕಳಚುರಿ ಬಿಜ್ಜಳ ಜಯಪತ್ರ ಕೊಟ್ಟನೆಂದು ಅದರಲ್ಲಿದೆ. ಫ್ಲೀಟ್ ಈ ಶಾಸನಗಳನ್ನು ಪ್ರಕಟಿಸಿದ್ದು ಎಪಿಗ್ರಾಫಿಯಾ ಇಂಡಿಕಾದ 1898–99ರ ಸಂಪುಟದಲ್ಲಿ. ವರ್ಕ್‌ಮನ್ ದಂಪತಿ ಭಾರತದ ರಸ್ತೆಗಳಲ್ಲಿ ಸೈಕಲ್ ತುಳಿಯುತ್ತಿದ್ದ ವರ್ಷಗಳೂ ಇವೇ.

ಕಲ್ಲುಗಳು ಎಲ್ಲರ ಹೆಸರನ್ನೂ ಹೇಳುತ್ತವೆ ಎಂದೇನಲ್ಲ. ತಾರಕೇಶ್ವರದ ಛಾವಣಿಗೆ ಕಲ್ಲು ಎಳೆದು ತಂದ ಆಳುಗಳ ಪಟ್ಟಿ ಅಲ್ಲಿಲ್ಲ. ಹೆಂಗಸರ ಹೆಸರು ಬರುವುದು ದಾನ ಕೊಟ್ಟವರಾಗಿ ಅಥವಾ ಮಹಾಸತಿಯಾಗಿ. ಆದರೂ ಊರಿಗಾಗಿ ಸತ್ತವನ ಹೆಸರು ಉಳಿಯಬೇಕು ಎಂಬ ಒಂದು ರೀತಿಯನ್ನು ಈ ಸಮಾಜ ಇಟ್ಟುಕೊಂಡಿತ್ತು.

ಹಿಮದಲ್ಲಿ ಉಳಿಯದ ಹೆಸರುಗಳು

ಈಗ ವರ್ಕ್‌ಮನ್ ದಂಪತಿಯ ಪರ್ವತದ ದಿನಗಳ ಕಡೆ ತಿರುಗಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 1898ರ ಶರತ್ಕಾಲದಲ್ಲಿ ಅವರು ಸಿಕ್ಕಿಂ ಕಡೆಯಿಂದ ಕಾಂಚನಜುಂಗಾ ಪ್ರದೇಶಕ್ಕೆ ಹೊರಟರು. ಚಳಿ ಏರಿತು, ಹಿಮ ಬಿತ್ತು. ಹೊರೆಯಾಳುಗಳು ಮುಂದೆ ಹೋಗಲು ಒಪ್ಪಲಿಲ್ಲ. ಪ್ರಯಾಣ ಅರ್ಧಕ್ಕೇ ನಿಂತಿತು. ಮುಂದಿನ ಪ್ರವಾಸಗಳಲ್ಲೂ ಹೊರೆಯಾಳುಗಳ ಜೊತೆ ಜಗಳ ತಪ್ಪಲಿಲ್ಲ. ದಂಪತಿಯ ಬರಹಗಳಲ್ಲಿ ಅವರು ಬಹುಮಟ್ಟಿಗೆ ಕೂಲಿಗಳು ಎಂಬ ಒಂದೇ ಶಬ್ದದಲ್ಲಿ ಅಡಗುತ್ತಾರೆ. ಸೋಮಾರಿಗಳು, ಮೊಂಡರು ಎಂಬ ದೂರು ಹೇರಳ. ಹಿಮಕ್ಕೆ ತಕ್ಕ ಬಟ್ಟೆ, ಬೂಟು ಇಲ್ಲದೆ ಭಾರ ಹೊತ್ತವನಿಗೆ ಹಿಂದಿರುಗಲು ಕಾರಣ ಇತ್ತೇ ಎಂದು ಕೇಳುವ ಮಾತು ಕಡಿಮೆ.

ಹಾಗೆಂದು ಫ್ಯಾನಿಯ ಸಾಧನೆ ಚಿಕ್ಕದಲ್ಲ. 1906ರಲ್ಲಿ, 47ನೆಯ ವಯಸ್ಸಿನಲ್ಲಿ, ಅವರು ನುನ್‌ಕುನ್ ಶ್ರೇಣಿಯ ಪಿನಾಕಲ್ ಪೀಕ್ ಏರಿದರು. ಅದರ ಎತ್ತರ 22,735 ಅಡಿ. ಮಹಿಳೆಯರಲ್ಲಿ ಆ ದಾಖಲೆ 1934ರವರೆಗೆ ಉಳಿಯಿತು. 1912ರಲ್ಲಿ ಸಿಯಾಚಿನ್ ಹಿಮನದಿಯ ಎತ್ತರದ ಬಯಲಿನಲ್ಲಿ, ಸುಮಾರು 21,000 ಅಡಿಯಲ್ಲಿ, ಮಹಿಳೆಯರಿಗೆ ಮತದಾನದ ಹಕ್ಕು ಬೇಕೆಂಬ ಪತ್ರಿಕೆ ಹಿಡಿದು ಚಿತ್ರ ತೆಗೆಸಿಕೊಂಡರು. ಅಮೆರಿಕದಲ್ಲಿ ಮಹಿಳೆಯರಿಗೆ ಆ ಹಕ್ಕು ರಾಷ್ಟ್ರಮಟ್ಟದಲ್ಲಿ ಸಿಕ್ಕಿದ್ದು 1920ರಲ್ಲಿ.

ಅದೇ ಸಿಯಾಚಿನ್ ಯಾತ್ರೆಯಲ್ಲಿ ಚೆನೋಜ್ ಎಂಬ ಇಟಲಿಯ ಮಾರ್ಗದರ್ಶಿ ಹಿಮದ ಬಿರುಕಿಗೆ ಬಿದ್ದು ತೀರಿಕೊಂಡ. ಅವನ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಅವನ ಹಾಗೆಯೇ ಪ್ರಾಣ ಪಣಕ್ಕಿಟ್ಟು ಹೊರೆ ಹೊತ್ತ ಬಾಲ್ಟಿ ಜನರದು ಬರೀ ಲೆಕ್ಕ. ಹೆಣ್ಣಿನ ಹೆಸರು ಎಲ್ಲೂ ಅಳಿಸಿಹೋಗಬಾರದೆಂದು ಹೋರಾಡಿದ ಮಹಿಳೆಗೂ ತನ್ನ ಡೇರೆ ಹೊತ್ತವನ ಹೆಸರು ಬರೆಯುವುದು ಮುಖ್ಯವೆನಿಸಲಿಲ್ಲ. ಇದು ಆಕೆಯೊಬ್ಬರ ದೋಷವಲ್ಲ, ಆ ಕಾಲದ ಪ್ರವಾಸ ಸಾಹಿತ್ಯದ ರೂಢಿ. ಫ್ಯಾನಿ 1925ರಲ್ಲಿ, ವಿಲಿಯಂ 1937ರಲ್ಲಿ ತೀರಿಕೊಂಡರು. ರೂಢಿ ಅವರ ಜೊತೆ ಹೋಗಲಿಲ್ಲ. 1953ರಲ್ಲಿ ಎವರೆಸ್ಟ್ ಏರಿದ ತೇನ್‌ಸಿಂಗ್ ಹೆಸರು ಲೋಕಕ್ಕೆ ತಿಳಿಯಿತು ನಿಜ. ಆದರೆ ಆ ದಂಡಯಾತ್ರೆಯ ಸಾಮಾನು ಹೊತ್ತ ನೂರಾರು ಜನರಲ್ಲಿ ಎಷ್ಟು ಹೆಸರು ಯಾರಿಗೆ ಗೊತ್ತು?

ಇಂದು ಹುಬ್ಬಳ್ಳಿ, ಹಾವೇರಿಗಳಿಂದಲೂ ಗಂಡ ಹೆಂಡಿರು ಕೂಡಿ ಹಿಮಾಲಯ ಚಾರಣಕ್ಕೆ, ಅನುಕೂಲವಿದ್ದವರು ಆಲ್ಪ್ಸ್‌ಗೂ ಹೋಗುತ್ತಾರೆ. ಹೊರಡುವ ಮುನ್ನ ಎರಡು ದಿನ ಕೈಯಲ್ಲಿದ್ದರೆ ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಲು ಸಾಕು, ಎಲ್ಲಕ್ಕೂ ಬಸ್ಸಿದೆ. ಕಮಲದ ಛಾವಣಿಯ ಚಿತ್ರ ಎಲ್ಲರೂ ತೆಗೆಯುತ್ತಾರೆ. ವೀರಗಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತು, ಅದರಲ್ಲಿ ಕೊರೆದ ಹೆಸರು ಯಾರದು ಎಂದು ಕೇಳಿ ತಿಳಿದುಕೊಂಡು ಹೋದವರು, ಮುಂದೆ ಹಿಮದ ಹಾದಿಯಲ್ಲಿ ತಮ್ಮ ಚೀಲ ಹೊತ್ತು ನಡೆಯುವವನ ಹೆಸರನ್ನೂ ಕೇಳಿಯಾರು.