ಪಿಟೀಲಿನ ಬಿರಡೆ, ನಮ್ಮ ತೋಟದ ಬೀಟೆ

ಬೋರ್ಡೋ ಎರಡನೇ ಸುತ್ತು ಮುಗೀತು, ಮಳೆ ಬಿಡೋ ಹಾಗೆ ಕಾಣ್ತಿಲ್ಲ. ಈ ಸಲ ಅಡಿಕೆ ಸುದ್ದಿ ಬಿಟ್ಟು ಮರದ ಒಂದು ಹಳೇ ಕಥೆ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಿನಲ್ಲಿ ಓದಿ.

ನನ್ನ ಮಗಳು ಪಿಟೀಲು ಕಲೀತಾಳೆ. ಹೋದ ತಿಂಗಳು ತಂತಿ ಬಿಗಿ ಮಾಡುವಾಗ ಬಿರಡೆ ಮುರೀತು. ಮಳೆಗಾಲದಲ್ಲಿ ಬಿರಡೆ ಉಬ್ಬಿ ತೂತಿನಲ್ಲಿ ಕಚ್ಚಿಕೊಳ್ಳುತ್ತೆ, ಬೇಸಿಗೆಯಲ್ಲಿ ಸಡಿಲಾಗಿ ಜಾರುತ್ತೆ, ನಮ್ಮ ಮನೆ ಬಾಗಿಲ ಹಾಗೇ. ರಿಪೇರಿಯವರು ಮೂರು ಬಿರಡೆ ಮುಂದಿಟ್ಟರು. ಕಪ್ಪಿನದು ಎಬೊನಿ, ಅಂದ್ರೆ ಕರಿಮರ. ಹಳದಿಯದು ಬಾಕ್ಸ್‌ವುಡ್. "ಈ ಕಂದು ಬಣ್ಣದ್ದು ಬೀಟೆ, ನಿಮ್ಮ ಕಡೆ ಮರಾನೇ" ಅಂದ್ರು.

ಅದೇ ವಾರ ಮರದ ವ್ಯಾಪಾರಿಯೊಬ್ಬರು ನಮ್ಮ ಮೇಲಿನ ತೋಟದ ಬೀಟೆ ನೋಡಿ ಹೋಗಿದ್ರು. "ಪರ್ಮಿಷನ್ ನಾವೇ ಮಾಡಿಸ್ತೀವಿ, ನೀವು ಹೂಂ ಅನ್ನಿ ಸಾಕು" ಅಂದಿದ್ರು. ಮಗಳ ಕಾಲೇಜು ಫೀಸು ತಲೆಯಲ್ಲಿತ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ಬೆರಳುದ್ದದ ಆ ಬಿರಡೆ ನೋಡಿದ ಮೇಲೆ, ಈ ಮರ ಪಿಟೀಲಿಗೆ ಯಾವಾಗ, ಯಾಕೆ ಬಂತು ಅಂತ ಯೋಚನೆ ಹತ್ತಿತು. ಮಗಳು ಇಂಗ್ಲಿಷಿನಲ್ಲಿ ಓದಿ ಹೇಳಿದಳು, ನಾನು ಬರ್ಕೊಂಡೆ.

ಪಿಟೀಲು ಈಗಿನ ರೂಪಕ್ಕೆ ಬಂದದ್ದು 16ನೇ ಶತಮಾನದಲ್ಲಿ, ಉತ್ತರ ಇಟಲಿಯಲ್ಲಿ. ಕ್ರೆಮೋನಾ ಊರಿನ ಆಂದ್ರೆಯಾ ಅಮಾತಿ ಮೊದಲಿನವರಲ್ಲಿ ಒಬ್ಬ. 1737ರಲ್ಲಿ ತೀರಿಹೋದ ಸ್ಟ್ರಾಡಿವರಿ ಕೂಡ ಅದೇ ಊರಿನವನು. ಆಗ ಕರಿಮರ ಹಡಗಿನಲ್ಲಿ ದೂರದಿಂದ ಬರೋ ದುಬಾರಿ ಸಾಮಾನು. ಅದಕ್ಕೆ ಅವರು ಬೆರಳೊತ್ತುವ ಹಲಗೆಯನ್ನ ಒಳಗೆ ಹಗುರ ಮರದಲ್ಲಿ ಮಾಡಿ, ತಂತಿ ಉಜ್ಜುವ ಮೇಲ್ಭಾಗಕ್ಕೆ ಮಾತ್ರ ಗಟ್ಟಿ ಮರದ ತೆಳ್ಳನೆ ಪದರ ಅಂಟಿಸ್ತಿದ್ರು. ಬಿರಡೆಗೆ ಬಾಕ್ಸ್‌ವುಡ್, ಹಣ್ಣಿನ ಮರ ಇಂಥವೂ ಆಗ್ತಿತ್ತು.

ಕಪ್ಪು ಬಣ್ಣವೇ ಬೇಕಾದ್ರೆ ಯುರೋಪಿನ ಬಡಗಿಗಳು ಪಿಯರ್ ಮರಕ್ಕೆ ಬಣ್ಣ ಕಟ್ಟುತ್ತಿದ್ರು. ಅದರ ಒಂದು ವಿಧಾನ ನಮಗೆ ಹೊಸದಲ್ಲ. ಹಸಿ ಅಡಿಕೆ ಸುಲಿದ ಕತ್ತಿ, ಚೊಗರು ತಾಗಿದ ಕಬ್ಬಿಣ ಕಪ್ಪಾಗೋದನ್ನ ದಿನಾ ನೋಡ್ತೀವಲ್ಲ, ಅದೇ ಗುಣ. ಒಗರಿನ ಜೊತೆ ಕಬ್ಬಿಣ ಸೇರಿದ್ರೆ ಕಪ್ಪು.

ಹಡಗು ವ್ಯಾಪಾರ ಹೆಚ್ಚಿದಂತೆ ಲೆಕ್ಕ ಬದಲಾಯ್ತು. 1638ರಲ್ಲಿ ಡಚ್ಚರು ಮಾರಿಷಸ್ ಹಿಡಿದು ಅಲ್ಲಿನ ಕರಿಮರ ಕಡಿದ್ರು. ಸಿಲೋನು, ಆಫ್ರಿಕಾದ ಮರವೂ ಯುರೋಪು ಸೇರ್ತು. 19ನೇ ಶತಮಾನದ ಹೊತ್ತಿಗೆ ದೊಡ್ಡ ಸಭಾಂಗಣ, ಬಿಗಿಯಾದ ತಂತಿ, ಉದ್ದದ ಹಲಗೆ ಬಂತು. ತೆಳು ಪದರದ ಜಾಗಕ್ಕೆ ಇಡೀ ಕರಿಮರದ ಹಲಗೆಯೇ ರೂಢಿಯಾಯ್ತು. ಒಂದು ಕಾಡು ಸೊರಗಿದ್ರೆ ಇನ್ನೊಂದು ಕಾಡು ಇತ್ತಲ್ಲ.

ಬೀಟೆ ಜಾತಿಯ ಕಥೆಯೂ ಹೀಗೇ. ಬ್ರೆಜಿಲ್ ದೇಶದ ಬೀಟೆ ಸಿಗೋದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ ಭಾರತದ ಬೀಟೆಗೆ ತಿರುಗಿತು. 1992ರಲ್ಲಿ ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರವೇ ಬಂದ್ ಆಯ್ತು. ಇದೆಲ್ಲ ಹೊರಗಿನವರ ತಪ್ಪು ಅಂತ ನಾವು ಕೈ ತೊಳ್ಕೊಳ್ಳೋ ಹಾಗಿಲ್ಲ. ನಮ್ಮ ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಹಾಕಿದವರು. ಸಂಗೀತ ನಮ್ಮದೂ ಹೌದು, ಮರದ ಚಿಂತೆಯೂ ನಮ್ಮದೇ.

2017ರ ಜನವರಿ 2ರಿಂದ ಬೀಟೆ ಜಾತಿಯ ಎಲ್ಲ ಮರಗಳೂ ಸೈಟಿಸ್ ಒಪ್ಪಂದದ ಪಟ್ಟಿಗೆ ಬಂದ್ವು. ಗಡಿ ದಾಟಿ ಮಾರಬೇಕಾದ್ರೆ ಪರವಾನಗಿ ಬೇಕು. ವಾದ್ಯದವರು ಗೋಳಾಡಿದ ಮೇಲೆ, 2019ರಲ್ಲಿ ತಯಾರಾದ ವಾದ್ಯ, ಅದರ ಬಿಡಿಭಾಗಗಳಿಗೆ ವಿನಾಯಿತಿ ಸಿಕ್ತು. ದಿಮ್ಮಿ, ಹಲಗೆಗೆ ಸಿಗಲಿಲ್ಲ.

ಈಗ ಬೇರೆ ದಾರಿ ಹುಡುಕ್ತಿದ್ದಾರೆ. ಚೀನಾದಲ್ಲಿ ಅವರ ಎಲಚಿ ಮರದಿಂದ ಬಿರಡೆ ಮಾಡ್ತಾರೆ, ನಮ್ಮ ಬೇಲಿಯ ಎಲಚಿಗೆ ಅದು ದಾಯಾದಿ. ಸ್ವಿಟ್ಜರ್ಲೆಂಡಿನಲ್ಲಿ ಅವರದೇ ಸ್ಪ್ರೂಸ್, ಮೇಪಲ್ ಮರವನ್ನ ಅದುಮಿ ಕರಿಮರದಷ್ಟು ಗಟ್ಟಿ ಮಾಡಿ, ಸೋನೋವುಡ್ ಅಂತ ಹೆಸರಿಟ್ಟು ಹಲಗೆಗೆ ಕೊಡ್ತಾರೆ. ನನಗೆ ಇದು ತೀರಾ ಹೊಸತು ಅನ್ನಿಸಲಿಲ್ಲ. ಊರ ಮರ ತಗೋ, ಅದನ್ನ ಹದ ಮಾಡು, ದುಬಾರಿ ಮರ ಎಷ್ಟು ಬೇಕೋ ಅಷ್ಟೇ ಬಳಸು. ಕ್ರೆಮೋನಾದವರು ಬಡತನದಿಂದಲೋ ಜಾಣತನದಿಂದಲೋ ಅದನ್ನೇ ಮಾಡಿದ್ರು. ಮಧ್ಯದ ಇನ್ನೂರು ವರ್ಷ ಮರ ಅಗ್ಗ ಅಂತ ಮರೆತರು ಅಷ್ಟೆ.

ರಿಪೇರಿಯವರ ಹತ್ರ ಹಳೇ ಪಿಟೀಲಿಂದ ತೆಗೆದ ಬಿರಡೆಗಳ ಡಬ್ಬಿ ಇತ್ತು. ಅದರಲ್ಲೇ ಒಂದನ್ನ ಹೆರೆದು ಕೂರಿಸಿ ಕೊಟ್ಟರು. ಈ ಮಳೆಯಲ್ಲೂ ಸರಿಯಾಗಿ ತಿರುಗ್ತಿದೆ.

ವ್ಯಾಪಾರಿಗೆ ಬೇಡ ಅಂತ ಫೋನು ಮಾಡಿದೆ. ಬೀಟೆಗೆ ಬೆಲೆ ಬರೋದು ಒಳಗಿನ ಕಪ್ಪು ಚೇಗಿನಿಂದ. ಅದು ಬಲಿಯೋಕೆ ಒಂದು ತಲೆಮಾರು ಸಾಲದು. ಫೀಸಿಗೆ ಈ ವರ್ಷದ ಕಾಳುಮೆಣಸು ಮಾರ್ತೀನಿ. ಅದರಲ್ಲಿ ಒಂದಿಷ್ಟು ಆ ಬೀಟೆಗೆ ಹಬ್ಬಿಸಿದ ಬಳ್ಳಿಯದ್ದೇ. ನಿಮ್ಮ ತೋಟಕ್ಕೂ ಅವರು ಬರಬಹುದು. ಹೂಂ ಅನ್ನೋ ಮುಂಚೆ ಮರದ ಕೆಳಗೆ ಒಂದ್ಸಲ ನಿಂತು ನೋಡಿ. ಬೀಟೆ ಸಸಿ ಬೇಕಾದವರು ಹೇಳಿ, ಬುಡದಲ್ಲಿ ಎಂಟ್ಹತ್ತು ಎದ್ದಿವೆ.