ಕೆರೆಯ ದಂಡೆ ಯಾರದು?

ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳು ಬಹುಮಟ್ಟಿಗೆ ಎರೆಭೂಮಿಯ ಸೀಮೆ. ಮಳೆ ಬಿದ್ದರೆ ಕಾಲು ಹುಗಿಯುವ, ಬೇಸಿಗೆಯಲ್ಲಿ ಬಾಯಿ ಬಿಡುವ ಈ ಕಪ್ಪು ಮಣ್ಣಿನಲ್ಲಿ ಜೋಳ, ಹತ್ತಿ, ಕಡಲೆ ಚೆನ್ನಾಗಿ ಬೆಳೆಯುತ್ತವೆ. ಆದರೆ ಬಾವಿ ತೋಡಿದರೆ ಅನೇಕ ಊರುಗಳಲ್ಲಿ ಸಿಗುವುದು ಸವುಳು ನೀರು. ಹಳೆಯ ಮೈಸೂರು ಸೀಮೆಯಲ್ಲಿ ಕೆರೆ ಎಂದರೆ ಮೊದಲು ಕಣ್ಣಿಗೆ ಬರುವುದು ಅದರ ಕೆಳಗಿನ ಗದ್ದೆ. ಇಲ್ಲಿ ಹಾಗಲ್ಲ, ಇಲ್ಲಿ ಕೆರೆ ಎಂದರೆ ಮೊದಲು ಕುಡಿಯುವ ನೀರು. ಬೇರೆ ದೇಶಗಳಲ್ಲಿ ಸರೋವರದ ದಂಡೆಯ ಮೇಲೆ ಮನೆ ಕಟ್ಟಿಕೊಂಡವರು ದೋಣಿ ಕಟ್ಟುವ ಜಾಗಕ್ಕಾಗಿ ವಾದಿಸುವುದುಂಟು. ನಮ್ಮದು ದೋಣಿ ಕಟ್ಟುವ ದಂಡೆಯಲ್ಲ, ಕೊಡ ತುಂಬುವ ದಂಡೆ. ಆದರೂ ಪ್ರಶ್ನೆ ಒಂದೇ. ನೀರು ಎಲ್ಲರದು ಎಂದ ಮೇಲೆ ನೀರಿಗೆ ಇಳಿಯುವ ಪಾವಟಿಗೆ ಯಾರದು? ಅದನ್ನು ಕಾಯುವವರು ಯಾರು?

ಈ ಪ್ರಶ್ನೆಗೆ ಇತಿಹಾಸದಲ್ಲಿ ಎರಡು ಮುಖಗಳಿವೆ. ಒಂದು, ದಂಡೆಯನ್ನು ಯಾರು ನೋಡಿಕೊಳ್ಳಬೇಕು ಎಂಬುದು. ಇನ್ನೊಂದು, ಅಲ್ಲಿಗೆ ಯಾರು ಬರಬಹುದು ಎಂಬುದು. ಮೊದಲನೆಯದಕ್ಕೆ ನಮ್ಮ ಹಿರಿಯರು ಕಲ್ಲಿನಲ್ಲಿ ಉತ್ತರ ಬರೆದಿಟ್ಟರು. ಎರಡನೆಯದಕ್ಕೆ ಉತ್ತರ ಸಿಕ್ಕಿದ್ದು ತೀರ ಈಚೆಗೆ.

ಗಜೇಂದ್ರಗಡದ ಸಮೀಪದ ಸೂಡಿಯನ್ನೇ ತೆಗೆದುಕೊಳ್ಳೋಣ. ಇಂದು ಚಿಕ್ಕ ಹಳ್ಳಿಯಾಗಿರುವ ಈ ಊರು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತು ಎಂಬ ಆಡಳಿತ ವಿಭಾಗದ ಮುಖ್ಯ ಪಟ್ಟಣ. ಎರಡನೆಯ ಜಯಸಿಂಹನ ಸಹೋದರಿ ಅಕ್ಕಾದೇವಿ ಈ ವಿಭಾಗವನ್ನು ಆಳಿದಳು. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಧೀರೆ ಎಂದು ಶಾಸನಗಳು ಅವಳನ್ನು ಕೊಂಡಾಡುತ್ತವೆ. ಇಲ್ಲಿನ ನಾಗಕುಂಡವನ್ನು ನೋಡಿದವರು ಅದನ್ನು ಬರಿಯ ಹೊಂಡ ಎನ್ನಲಾರರು. ನಾಲ್ಕೂ ಕಡೆ ಕಲ್ಲಿನ ಗೋಡೆ, ಗೋಡೆಯ ತುಂಬ ಕೆತ್ತನೆ, ನೀರಿನವರೆಗೆ ಇಳಿಯಲು ಮೆಟ್ಟಿಲು. ದೇವಾಲಯಕ್ಕೆ ಸಲ್ಲುವ ಶ್ರದ್ಧೆಯನ್ನು ನೀರಿನ ಅಂಚಿಗೂ ಸಲ್ಲಿಸಿದ ಜನರ ಕೆಲಸ ಅದು.

೧೦೫೦ರ ಸುಮಾರಿನ ಸೂಡಿಯ ಒಂದು ಶಾಸನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಊರಿನ ಎಂಟು ಸೆಟ್ಟಿಯರು ಮತ್ತು ಎಂಬತ್ತು ಒಕ್ಕಲುಗಳಿಗೆ ಮೊದಲಿನಿಂದ ಕೆಲವು ಕಟ್ಟುಪಾಡುಗಳಿದ್ದವು. ಚೋಳರೊಡನೆ ನಡೆದ ಯುದ್ಧದ ಹಾವಳಿಯಲ್ಲಿ ಆ ವ್ಯವಸ್ಥೆ ಕೆಟ್ಟಿತು. ಅಕ್ಕಾದೇವಿಯ ಆಡಳಿತ ಅದನ್ನು ಮತ್ತೆ ಊರಿಗೆ ಕಟ್ಟಿಕೊಟ್ಟಿತು. ವಿದ್ಯಾರ್ಥಿಗಳು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಯುದ್ಧ ಮುಗಿದ ಮೇಲೆ ದುರಸ್ತಿ ಕಂಡದ್ದು ಕೋಟೆ ಕೊತ್ತಳ ಮಾತ್ರವಲ್ಲ, ಊರವರು ಕೂಡಿ ಬಾಳುವ ನಿಯಮಗಳು ಕೂಡ. ಅರಸು ಊರನ್ನು ನೇರವಾಗಿ ನಡೆಸುತ್ತಿರಲಿಲ್ಲ. ಊರು ತನ್ನನ್ನು ತಾನು ನಡೆಸಿಕೊಳ್ಳುವುದಕ್ಕೆ ಒಪ್ಪಿಗೆಯ ಮುದ್ರೆ ಹಾಕುತ್ತಿತ್ತು.

ಕೆರೆಗಳೂ ಇಂಥ ಏರ್ಪಾಟಿನೊಳಗೇ ಬದುಕಿದವು. ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನಿಗೆ, ಅದನ್ನು ಸುಸ್ಥಿತಿಯಲ್ಲಿಡುವವನಿಗೆ ಬಿಟ್ಟ ಭೂಮಿ ಅಥವಾ ಅದರ ಆದಾಯದ ಪಾಲು ಅವು. ಹೂಳು ಹೊರುವ ಬಂಡಿಗೆ, ಬಂಡಿ ಎಳೆಯುವ ಕೋಣಗಳಿಗೆ ಕೂಡ ದತ್ತಿ ಬಿಟ್ಟ ಉದಾಹರಣೆಗಳಿವೆ. ಅಂದರೆ ಕೆರೆ ಕಟ್ಟುವ ಪುಣ್ಯದ ಜೊತೆಗೇ ವರ್ಷವರ್ಷದ ಖರ್ಚಿನ ಲೆಕ್ಕವೂ ಆಗುತ್ತಿತ್ತು. ಇಂದಿನ ಅನೇಕ ಯೋಜನೆಗಳಲ್ಲಿ ಉದ್ಘಾಟನೆಯ ಫಲಕ ಇರುತ್ತದೆ, ಈ ಎರಡನೆಯ ಲೆಕ್ಕ ಇರುವುದಿಲ್ಲ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರ ೧೩೬೯ರಲ್ಲಿ ಬರೆಯಿಸಿದ ಪೋರುಮಾಮಿಳ್ಳದ ಶಾಸನವಂತೂ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬರಬಾರದ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಈ ಊರು ಇಂದಿನ ಆಂಧ್ರದ ಕಡಪಾ ಸೀಮೆಯಲ್ಲಿದೆ.

ಇಷ್ಟೆಲ್ಲ ಹೇಳುವ ಶಾಸನಗಳು ಸಾಮಾನ್ಯವಾಗಿ ಒಂದು ಮಾತನ್ನು ಹೇಳುವುದಿಲ್ಲ. ಕೆರೆಯನ್ನು ಕೆಡಿಸಿದವನಿಗೆ ಬರುವ ಪಾಪ ಎಂಥದು ಎಂದು ವಿವರಿಸುತ್ತವೆ. ಪಾವಟಿಗೆ ಇಳಿಯಲು ಯಾರಿಗೆ ಬಿಡುತ್ತಿರಲಿಲ್ಲ ಎಂಬುದನ್ನು ಹೇಳುವುದಿಲ್ಲ. ಅದನ್ನು ಬರೆಯುವ ಅಗತ್ಯವೇ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹೂಳೆತ್ತಲು ಬುಟ್ಟಿ ಹೊರುವ ಕೈಗಳು ಅಸ್ಪೃಶ್ಯರೆನಿಸಿಕೊಂಡವರದೂ ಆಗಿದ್ದವು. ಕೆರೆ ತುಂಬಿದ ಮೇಲೆ ಅವರೇ ದಂಡೆಯಿಂದ ದೂರ ನಿಂತು, ಯಾರಾದರೂ ನೀರು ಹೊಯ್ದಾರು ಎಂದು ಕೊಡ ಹಿಡಿದು ಕಾಯಬೇಕಾಗಿತ್ತು. ಹಳೆಯ ಕೆರೆ ವ್ಯವಸ್ಥೆಯನ್ನು ಹೊಗಳುವಾಗ ನಾವು ಇದನ್ನು ಬದಿಗಿಟ್ಟು ಮಾತನಾಡುವುದು ಸರಿಯಲ್ಲ.

ಈ ಮೌನ ಮುರಿದ ಘಟನೆ ನಡೆದದ್ದು ಕೊಂಕಣದ ಮಹಾಡದಲ್ಲಿ. ಆದರೆ ಅದು ನಮಗೆ ದೂರದ ಕಥೆಯಲ್ಲ. ಇಂದಿನ ಈ ಮೂರು ತಾಲೂಕುಗಳ ಬಹುಭಾಗ ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. ಧಾರವಾಡವೂ ಮಹಾಡವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ೧೯೨೩ರ ಆಗಸ್ಟ್‌ನಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರು ಒಂದು ಗೊತ್ತುವಳಿ ತಂದರು. ಸಾರ್ವಜನಿಕ ಹಣದಿಂದ ಕಟ್ಟಿದ ಅಥವಾ ನಡೆಯುವ ನೀರಿನ ಸ್ಥಳ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಲು ಬಿಡಬೇಕೆಂಬುದು ಅದರ ಸಾರಾಂಶ. ಗೊತ್ತುವಳಿ ಪಾಸಾಯಿತು. ಮಹಾಡದ ಪುರಸಭೆಯೂ ೧೯೨೪ರಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆಯಲು ನಿರ್ಣಯಿಸಿತು. ಕಾಗದದ ಮೇಲೆ ಕೆರೆ ತೆರೆಯಿತು, ದಂಡೆಯ ಮೇಲೆ ತೆರೆಯಲಿಲ್ಲ. ೧೯೨೭ರ ಮಾರ್ಚ್ ೨೦ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಕುಡಿದರು. ಆ ಬಳಿಕ ಅವರ ಜನರ ಮೇಲೆ ಹಲ್ಲೆ ನಡೆಯಿತು. ಕೆರೆಗೆ ‘ಶುದ್ಧಿ’ ಮಾಡಲಾಯಿತು. ಸವರ್ಣೀಯರು ಕೆರೆ ಖಾಸಗಿಯದೆಂದು ವಾದಿಸಿ ನ್ಯಾಯಾಲಯಕ್ಕೆ ಹೋದರು. ಹತ್ತು ವರ್ಷಗಳ ತರುವಾಯ, ೧೯೩೭ರ ಮಾರ್ಚ್‌ನಲ್ಲಿ, ಮುಂಬಯಿ ಹೈಕೋರ್ಟು ಅವರ ವಾದವನ್ನು ತಳ್ಳಿಹಾಕಿತು. ಒಂದು ಬೊಗಸೆ ನೀರಿನ ಹಕ್ಕು ಸ್ಥಿರಪಡಲು ಹತ್ತು ವರ್ಷ!

ನಮ್ಮ ಸಂವಿಧಾನದ ೧೫ನೆಯ ವಿಧಿಯನ್ನು ತೆರೆದು ನೋಡಿದರೆ ಈ ಹೋರಾಟದ ಗುರುತು ಅಲ್ಲಿ ಕಾಣುತ್ತದೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಹೆಸರು ಹಿಡಿದೇ ಅದು ಹೇಳುತ್ತದೆ. ಸರ್ಕಾರದ ಹಣದಿಂದ ಪೂರ್ಣವಾಗಿ ಅಥವಾ ಭಾಗಶಃ ನಡೆಯುವ, ಇಲ್ಲವೆ ಸಾರ್ವಜನಿಕರಿಗೆ ಮೀಸಲಾದ ಇಂಥ ಸ್ಥಳಗಳಲ್ಲಿ ಜಾತಿ, ಧರ್ಮ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹಾಗೆ ತಡೆಯುವುದನ್ನು ಶಿಕ್ಷಾರ್ಹವಾಗಿಸಿತು.

ಯಾರು ಬರಬಹುದು ಎಂಬ ಪ್ರಶ್ನೆಗೆ ಹೀಗೆ ಉತ್ತರ ದೊರೆಯುವ ಹೊತ್ತಿಗೆ, ಯಾರು ನೋಡಿಕೊಳ್ಳಬೇಕು ಎಂಬ ಹಳೆಯ ಉತ್ತರ ಸಡಿಲವಾಗುತ್ತ ಬಂದಿತ್ತು. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದು ೧೯೭೦ರ ದಶಕದಲ್ಲಿ ಕಾಲುವೆಯ ನೀರು ಹರಿಯಿತು. ಮಳೆಯ ಹಳ್ಳ ನಂಬಿದ್ದ ಅನೇಕ ಊರುಗಳು ಕಾಲುವೆಯಿಂದ ಕೆರೆ ತುಂಬಿಸಿಕೊಳ್ಳತೊಡಗಿದವು. ಅನುಕೂಲ ದೊಡ್ಡದು; ಆದರೆ ನೀರಿನ ಕೀಲಿಕೈ ಊರಿನಿಂದ ಕಚೇರಿಗೆ ಹೋಯಿತು. ಅಭಿವೃದ್ಧಿ ಕರ, ನೀರಿನ ಕರಗಳ ವಿರುದ್ಧ ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದು ೧೯೮೦ರ ಜುಲೈ ೨೧ರಂದು ಗೋಲಿಬಾರ್ ನಡೆದದ್ದು ರಾಜ್ಯದ ರೈತ ಚಳವಳಿಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅನಂತರ ನಳ ಬಂತು, ಬಹುಗ್ರಾಮ ಯೋಜನೆಯ ಕೊಳವೆ ಬಂತು. ಕೊಡ ಹೊತ್ತು ಕೆರೆಗೆ ಹೋಗುವ ಹೆಣ್ಣುಮಕ್ಕಳ ಬವಣೆ ತಗ್ಗಿತು, ಅದು ತಗ್ಗಬೇಕಾದದ್ದೇ. ಆದರೆ ದಿನಕ್ಕೆರಡು ಬಾರಿ ದಂಡೆಯನ್ನು ನೋಡುತ್ತಿದ್ದ ಕಣ್ಣುಗಳೂ ಅಲ್ಲಿಂದ ಸರಿದವು. ದನ ಇಳಿಸಿದವನನ್ನು, ಬಟ್ಟೆ ಒಗೆದವನನ್ನು ಗದರುತ್ತಿದ್ದ ಊರು ಈಗ ಕಸ ಸುರಿದವನನ್ನೂ ಕೇಳುವುದಿಲ್ಲ.

ಕಾನೂನಿಗೆ ಕೊರತೆಯಿಲ್ಲ. ಅಚ್ಚುಕಟ್ಟು ೪೦ ಹೆಕ್ಟೇರಿಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಪಂಚಾಯತಿಯದು. ಗಡಿ ಅಳೆಯುವವರು ಮಾತ್ರ ಬೇರೆ. ಪಂಜಾಬಿನ ಹಳ್ಳಿಯೊಂದರ ಕೆರೆಯ ಜಾಗವನ್ನು ಒತ್ತುವರಿ ಮಾಡಿ ಮನೆ ಕಟ್ಟಿಕೊಂಡವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೧೧ರ ಜನವರಿ ೨೮ರಂದು ತೀರ್ಪು ಕೊಟ್ಟು, ಇಂಥ ಒತ್ತುವರಿ ತೆರವಿಗೆ ಯೋಜನೆ ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಬಹಳ ಕಾಲದಿಂದ ಅಲ್ಲೇ ಇದ್ದೇವೆ, ಮನೆಗೆ ಬಹಳ ಖರ್ಚು ಮಾಡಿದ್ದೇವೆ ಎಂಬ ಸಬೂಬುಗಳನ್ನು ನ್ಯಾಯಾಲಯ ಒಪ್ಪಲಿಲ್ಲ. ಕರ್ನಾಟಕವೂ ೨೦೧೪ರಲ್ಲಿ ಕೆರೆಗಳ ಸಂರಕ್ಷಣೆಗೆ ಪ್ರತ್ಯೇಕ ಪ್ರಾಧಿಕಾರದ ಕಾಯಿದೆ ಮಾಡಿತು.

ಚರಿತ್ರೆ ಓದುವ ವಿದ್ಯಾರ್ಥಿಗಳು ತಮ್ಮ ಊರಿನ ಗ್ರಾಮ ನಕಾಶೆಯನ್ನು ಒಮ್ಮೆ ಕೇಳಿ ನೋಡಬೇಕು. ಅದರಲ್ಲಿ ಕೆರೆಗೊಂದು ಸರ್ವೆ ನಂಬರು ಇರುತ್ತದೆ, ದಾಖಲೆಯಲ್ಲಿ ಅದರ ವಿಸ್ತೀರ್ಣ ಎಕರೆ-ಗುಂಟೆಗಳಲ್ಲಿ ಇರುತ್ತದೆ. ನಕಾಶೆ ಹಿಡಿದು ಕೆರೆಯ ಸುತ್ತ ನಡೆಯಲು ಅರ್ಧ ದಿನ ಸಾಕು. ಗಡಿಗಲ್ಲು ಎಲ್ಲಿದೆ, ಪಾವಟಿಗೆಯ ಎಷ್ಟು ಮೆಟ್ಟಿಲು ಹೂಳಿನಡಿ ಹೋಗಿವೆ, ಯಾವ ಓಣಿಯ ದಾರಿ ಈಗಲೂ ನೀರಿನವರೆಗೆ ಬರುತ್ತದೆ, ಯಾವುದು ನಡುವೆಯೇ ಮುಚ್ಚಿಹೋಗಿದೆ ಎಂಬುದನ್ನು ಬರೆದುಕೊಳ್ಳಬಹುದು.