ನಾರ್ತ್ ಎಂಡ್‌ನ ಪ್ರಶ್ನೆಪಟ್ಟಿ

ಬಾಸ್ಟನ್ನಿನ ನಾರ್ತ್ ಎಂಡ್ ವಲಸಿಗರ ಕೇರಿಯಾಗಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿನ ಎಷ್ಟೋ ಮಕ್ಕಳು ಓದು ಅರ್ಧಕ್ಕೇ ಬಿಟ್ಟು ಸಿಕ್ಕ ಕೆಲಸಕ್ಕೆ ಸೇರಿಬಿಡುತ್ತಿದ್ದರು. ಆ ಕೇರಿಯ ಸೇವಾಕೇಂದ್ರವಾದ ಸಿವಿಕ್ ಸರ್ವಿಸ್ ಹೌಸ್‌ನಲ್ಲಿ 1908ರ ಜನವರಿಯಲ್ಲಿ ಫ್ರಾಂಕ್ ಪಾರ್ಸನ್ಸ್ 'ವೊಕೇಷನ್ ಬ್ಯೂರೋ' ತೆರೆದರು. ಹಣ ಕೊಟ್ಟವರು ಪಾಲಿನ್ ಅಗಾಸಿಜ್ ಶಾ. ಮುಂದೇನು ಎಂದು ತೋಚದವರನ್ನು ಕೂರಿಸಿಕೊಂಡು ಮಾತಾಡುವುದೇ ಅಲ್ಲಿನ ಕೆಲಸ. ವೃತ್ತಿ ಮಾರ್ಗದರ್ಶನದ ಇತಿಹಾಸ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ.

ಪಾರ್ಸನ್ಸ್ ತಾವೇ ದಾರಿ ಹುಡುಕಿ ದಣಿದವರು. ಕಾರ್ನೆಲ್‌ನಲ್ಲಿ ಎಂಜಿನಿಯರಿಂಗ್ ಓದಿ ರೈಲ್ವೆ ಕಂಪನಿ ಸೇರಿದರು. ಕೂಲಿ ಮಾಡಿದರು, ಮೇಷ್ಟರಾದರು, ವಕೀಲರೂ ಆದರು.

ಬಂದವರ ಕೈಗೆ ಅವರು ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿ ಕೊಡುತ್ತಿದ್ದರು. ಏನೇನು ಓದಿದ್ದೀಯ? ಸಂಜೆ ಹೊತ್ತು ಹೇಗೆ ಕಳೆಯುತ್ತೀಯ? ಆರೋಗ್ಯ ಹೇಗಿದೆ? ಯಾವ ಪಾಠ ಚೆನ್ನಾಗಿ ಬರುತ್ತದೆ, ಯಾವುದು ಬರುವುದಿಲ್ಲ? ಅವರ ಪ್ರಕಾರ ಮೊದಲು ತನ್ನನ್ನು ಅರಿಯಬೇಕು; ಆಮೇಲೆ ಪ್ರತಿ ಕಸುಬಿಗೆ ಬೇಕಾದ ತಯಾರಿ, ಸಿಗುವ ಸಂಬಳ, ಇರುವ ಅವಕಾಶ ತಿಳಿಯಬೇಕು; ಕೊನೆಗೆ ಎರಡನ್ನೂ ತಾಳೆ ಹಾಕಬೇಕು. ನಿರ್ಧಾರ ಮಾತ್ರ ಬಂದವರದೇ, ಇನ್ನೊಬ್ಬರು ಮಾಡುವಂಥದ್ದಲ್ಲ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

ಒಬ್ಬ 19ರ ಹುಡುಗ ಡಾಕ್ಟರಾಗಬೇಕು ಎಂದು ಬಂದ. ಬಡಕಲು ಮೈ, ಬತ್ತಿದ ಕೆನ್ನೆ. ಗಂಟೆಗೂ ಮೀರಿದ ಮಾತುಕತೆಯಲ್ಲಿ ಒಮ್ಮೆಯೂ ನಗಲಿಲ್ಲ. ನೆನಪಿನ ಶಕ್ತಿ ಕಡಿಮೆ, ಪತ್ರಿಕೆ ಬಿಟ್ಟರೆ ಹೆಚ್ಚೇನೂ ಓದಿರಲಿಲ್ಲ. ವೈದ್ಯನಾಗಲು ಬೇಕಾದ್ದನ್ನೆಲ್ಲ ಪಾರ್ಸನ್ಸ್ ಒಂದೊಂದಾಗಿ ಅವನ ಮುಂದಿಟ್ಟರು. ಬಯಲಿನಲ್ಲಿ ಮಾಡುವ ಕೆಲಸಗಳನ್ನು ನೋಡಿ ಬರಲು ಹೇಳಿದರು. ಈ ಪ್ರಸಂಗ ಓದುವಾಗ ಕಸಿವಿಸಿಯಾಗುತ್ತದೆ. ಮುಖ ನೋಡಿ ಯೋಗ್ಯತೆ ಅಳೆಯುವುದು ತಪ್ಪು, ಬಡತನವೇ ಅವನ ಮೈಯನ್ನು ಹಾಗೆ ಮಾಡಿದ್ದಿರಬಹುದು. ಆದರೂ ಅಂಥ ಹುಡುಗನಿಗೆ ಒಂದು ಗಂಟೆ ಕೊಟ್ಟು ಕೇಳಿಸಿಕೊಂಡದ್ದು ದೊಡ್ಡದು.

1908ರ ಸೆಪ್ಟೆಂಬರಿನಲ್ಲಿ ಪಾರ್ಸನ್ಸ್ ತೀರಿಕೊಂಡರು. ಅವರ ಪುಸ್ತಕ 'ಚೂಸಿಂಗ್ ಎ ವೊಕೇಷನ್' ಅಚ್ಚಾಗಿ ಬಂದದ್ದು 1909ರಲ್ಲಿ. 1913ರಲ್ಲಿ ಅಮೆರಿಕದ ಮಾರ್ಗದರ್ಶಕರು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು.

ನಮ್ಮ ದೇಶದಲ್ಲಿ 1952-53ರ ಮುದಲಿಯಾರ್ ಶಿಕ್ಷಣ ಆಯೋಗ ಪ್ರೌಢಶಾಲೆಗಳಲ್ಲಿ ಮಾರ್ಗದರ್ಶನ ಬೇಕೆಂದಿತು. 1954ರಲ್ಲಿ ದೆಹಲಿಯಲ್ಲಿ ಕೇಂದ್ರೀಯ ಮಾರ್ಗದರ್ಶನ ಬ್ಯೂರೋ ಶುರುವಾಯಿತು. ಆದರೆ ಬಹುಪಾಲು ಶಾಲೆಗಳ ತನಕ ಮಾರ್ಗದರ್ಶನ ತಲುಪಲೇ ಇಲ್ಲ. ಕರ್ನಾಟಕದಲ್ಲಿ ಈಗಲೂ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಹದಿನಾರರ ಮಕ್ಕಳು ಪಿಯುಸಿಗೆ ವಿಜ್ಞಾನದ ಪಿಸಿಎಂಬಿಯೋ, ವಾಣಿಜ್ಯದ ಸಿಇಬಿಎಯೋ, ಕಲೆಯೋ ಎಂದು ಆರಿಸಬೇಕು. ಗಣಿತ, ಭೌತಶಾಸ್ತ್ರ ಬಿಟ್ಟವರಿಗೆ ಎಂಜಿನಿಯರಿಂಗ್ ಪದವಿಯ ಬಾಗಿಲು ಬಹುಮಟ್ಟಿಗೆ ಆ ವಾರವೇ ಮುಚ್ಚುತ್ತದೆ. ಒಂಬತ್ತನೇ ತರಗತಿಯಲ್ಲೇ ಕೂತು ಮಾತಾಡುವವರೊಬ್ಬರು ಶಾಲೆಯಲ್ಲಿದ್ದರೆ ಆ ಮಕ್ಕಳ ಕೈಗೆ ಕೆಲವು ದಿನಗಳ ಬದಲು ಎರಡು ವರ್ಷ ಸಿಗುತ್ತದೆ.